ಬೂಷ್ಟಿಗೂ ಒಂದು ಬಂದಳಿಕೆ

ಕುಡತಿನಿ, ಕುರುಗೋಡು ಕಡೆಯ ಗ್ರಾನೈಟ್ ಬಂಡೆಗಳು ದೂರದಿಂದ ಬೋಳಾಗಿ ಕಾಣುತ್ತವೆ. ಹತ್ತಿರ ಹೋದರೆ ಬೋಳಲ್ಲ. ಮಳೆನೀರು ಇಳಿದ ಜಾಡಿನಲ್ಲಿ, ನೆರಳು ಬೀಳುವ ಮಗ್ಗುಲಲ್ಲಿ ಬೂದು, ಕಂದು, ಹಳದಿ ಬಣ್ಣದ ಮಚ್ಚೆಗಳು ಕಲ್ಲಿಗೆ ಅಂಟಿಕೊಂಡಿರುತ್ತವೆ. ಸುಣ್ಣದ ನೀರು ಚೆಲ್ಲಿ ಒಣಗಿದಂತೆ ತೋರುವ ಇವೇ ಕಲ್ಲುಹೂಗಳು. ಭೂತಗನ್ನಡಿ ಹಿಡಿದು ಇಂಥ ಮಚ್ಚೆಗಳನ್ನು ಹುಡುಕುತ್ತಾ ಹೋದರೆ, ಕೆಲವುಗಳ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣಸಿಗುತ್ತವೆ. ಆ ಚುಕ್ಕೆ ಕಲ್ಲುಹೂವಿನದೇ ಅಂಗವಾಗಿರಬಹುದು. ಅದರ ಮೈಮೇಲೆ ಬೀಡುಬಿಟ್ಟ ಬೇರೆಯದೇ ಶಿಲೀಂಧ್ರವೂ ಆಗಿರಬಹುದು.

ಬಂಡೆ ಬಿಟ್ಟು ಹೊಲಕ್ಕಿಳಿದರೆ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಬಳ್ಳಾರಿ, ಸಿರುಗುಪ್ಪ ಭಾಗದ ಕಪ್ಪು ನೆಲದಲ್ಲಿ ಕಡಲೆ ಬಿತ್ತುವ ಮುನ್ನ ಬೀಜವನ್ನು ತಾಡಪಾಲಿನ ಮೇಲೆ ಹರಡಿ, ಅಂಟುನೀರು ಚಿಮುಕಿಸಿ, ಕಿಲೋಗೆ 4 ಗ್ರಾಂ ಲೆಕ್ಕದಲ್ಲಿ ಒಂದು ಪುಡಿ ಸವರಿ ನೆರಳಲ್ಲಿ ಒಣಗಿಸುತ್ತಾರೆ. ಪೊಟ್ಟಣದ ಮೇಲೆ ‘ಟ್ರೈಕೋಡರ್ಮಾ’ ಎಂದಿರುತ್ತದೆ. ಆ ಪುಡಿಯೊಳಗಿರುವುದು ಜೀವಂತ ಶಿಲೀಂಧ್ರ. ನೆಟೆ ರೋಗ ತರುವ ಮತ್ತೊಂದು ಶಿಲೀಂಧ್ರವನ್ನು ತಿಂದು ಬದುಕುವುದು ಅದರ ಕೆಲಸ.

ಮರದ ಕೊಂಬೆಗೆ ಬೇರೂರಿ ಮರದ ರಸ ಹೀರುವ ಬಂದಳಿಕೆಯನ್ನು ನೋಡದವರಿಲ್ಲ. ಶಿಲೀಂಧ್ರಗಳಿಗೂ ಹಾಗೆಯೇ ಬಂದಳಿಕೆ ಹಿಡಿಯುತ್ತದೆ, ಹಿಡಿಯುವುದೂ ಶಿಲೀಂಧ್ರವೇ. ಇಂಥವು ಎಷ್ಟಿವೆ, ಯಾವುದನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ಗುಂಪಿಗೆ ಸೇರಿಸಬೇಕು ಎಂಬುದು ಇನ್ನೂರು ವರ್ಷಗಳಿಂದ ಶಿಲೀಂಧ್ರ ವಿಜ್ಞಾನಿಗಳನ್ನು ಕಾಡಿಸಿರುವ ಪ್ರಶ್ನೆ.

ತಿನ್ನುವ ಬಗೆ ಎರಡು

ಶಿಲೀಂಧ್ರ ಗಿಡವಲ್ಲ. ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ಳಲು ಅದಕ್ಕೆ ಬಾರದು. ಸತ್ತದ್ದನ್ನು ಕೊಳೆಸಿಯೋ, ಬದುಕಿದ್ದರ ಮೇಲೆ ಕುಳಿತೋ, ಇನ್ನೊಂದು ಜೀವಿಯ ಜೊತೆ ಕೊಡು-ಕೊಳ್ಳು ಮಾಡಿಕೊಂಡೋ ಅದು ಹೊಟ್ಟೆ ಹೊರೆಯಬೇಕು. ತಿನ್ನಲು ಸಿಗುವ ಬದುಕಿದ್ದ ಒಡಲು ಇನ್ನೊಂದು ಶಿಲೀಂಧ್ರದ್ದೇ ಆದಾಗ ಅದು ಶಿಲೀಂಧ್ರ ಪರಾವಲಂಬಿ ಎನಿಸಿಕೊಳ್ಳುತ್ತದೆ.

ಇವುಗಳಲ್ಲಿ ಒಂದು ಬಗೆ ಕೊಂದು ತಿನ್ನುವಂಥದ್ದು. ಟ್ರೈಕೋಡರ್ಮಾದ ಎಳೆ ಮಣ್ಣಿನಲ್ಲಿ ಬೇಟೆಯ ವಾಸನೆ ಹಿಡಿದು ಅತ್ತ ಬೆಳೆಯುತ್ತದೆ, ಅದರ ಎಳೆಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ, ಕಿಣ್ವ ಸುರಿಸಿ ಹೊರಗೋಡೆ ಕರಗಿಸಿ ಒಳಗಿನದನ್ನು ಹೀರುತ್ತದೆ. ಇನ್ನೊಂದು ಬಗೆ ಕೊಲ್ಲುವುದಿಲ್ಲ. ಬೆರಳಿನಂಥ ಸಣ್ಣ ಅಂಗವನ್ನು ಆಶ್ರಯ ಕೊಟ್ಟ ಶಿಲೀಂಧ್ರದ ಜೀವಕೋಶದೊಳಗೆ ತೂರಿಸಿ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆಶ್ರಯ ಸತ್ತರೆ ತಾನೂ ಸಾಯುವುದರಿಂದ ಅದಕ್ಕೆ ಅವಸರವಿಲ್ಲ.

ಈ ಬದುಕು ಹೊಸದಲ್ಲ. ಸುಮಾರು 10 ಕೋಟಿ ವರ್ಷ ಹಳೆಯದಾದ, ಬರ್ಮಾದ ಮರದ ಅಂಟಿನ ಗಟ್ಟಿಯೊಂದರಲ್ಲಿ ಒಂದು ಅಣಬೆ ಸಿಕ್ಕಿಕೊಂಡಿದೆ. ಅಣಬೆಯನ್ನು ಒಂದು ಶಿಲೀಂಧ್ರ ಹಿಡಿದಿದೆ, ಆ ಶಿಲೀಂಧ್ರವನ್ನು ಮತ್ತೊಂದು ಹಿಡಿದಿದೆ. 2007ರಲ್ಲಿ ಇದರ ವಿವರಣೆ ಪ್ರಕಟವಾದಾಗ ಮೂರಕ್ಕೂ ಹೊಸ ಹೆಸರಿಡಬೇಕಾಯಿತು.

ಮಸಾಲೆ ಡಬ್ಬಿಯ ಕಲ್ಲುಹೂ

ಪರಾವಲಂಬಿಗಳ ದೊಡ್ಡ ಸಂತೆ ನೆರೆಯುವುದು ಕಲ್ಲುಹೂಗಳ ಮೇಲೆ. ಗರಂ ಮಸಾಲೆಗೆ ಹಾಕುವ, ಒಂದು ಮುಖ ಬೂದು, ಇನ್ನೊಂದು ಮುಖ ಕಪ್ಪಾಗಿರುವ ಒಣ ಹಾಳೆಯಂಥ ಕಲ್ಲುಹೂ ಅಡುಗೆಮನೆಯಲ್ಲಿ ಎಲ್ಲರಿಗೂ ಪರಿಚಿತ. ಅದು ಒಂದು ಜೀವಿಯಲ್ಲ. ಶಿಲೀಂಧ್ರದ ಎಳೆಗಳು ಕಟ್ಟಿದ ಮನೆಯೊಳಗೆ ಹಸಿರು ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಕೊಡುತ್ತದೆ, ಶಿಲೀಂಧ್ರ ನೆರಳು-ನೀರು ನೋಡಿಕೊಳ್ಳುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಈ ಮಾತು ಹೇಳಿದಾಗ ಕಲ್ಲುಹೂ ತಜ್ಞರು ಒಪ್ಪಲಿಲ್ಲ. ಈಗ ಅದು ಪಠ್ಯಪುಸ್ತಕದ ಪಾಠ. ಕಲ್ಲುಹೂವಿಗೆ ಇಡುವ ವೈಜ್ಞಾನಿಕ ಹೆಸರು ನಿಯಮದ ಪ್ರಕಾರ ಅದರೊಳಗಿನ ಶಿಲೀಂಧ್ರಕ್ಕೆ ಸೇರಿದ್ದು. ಪಾಚಿಗೆ ಅದರದೇ ಬೇರೆ ಹೆಸರಿರುತ್ತದೆ.

ಗೂಡಿದ್ದ ಕಡೆ ಕೋಗಿಲೆ ಬರುತ್ತದೆ. ಕಲ್ಲುಹೂವಿನ ಮೇಲೆ ಬರುವ ಶಿಲೀಂಧ್ರಗಳು ಕೆಲವೊಮ್ಮೆ ಅದನ್ನು ಕೊಂದು ಬಿಳಿಚಿದ ವೃತ್ತವನ್ನು ಉಳಿಸುತ್ತವೆ, ಕೆಲವೊಮ್ಮೆ ಗಂಟು ಏಳಿಸುತ್ತವೆ, ಹಲವು ಸಲ ಯಾವ ಗಾಯವನ್ನೂ ತೋರಿಸದೆ ಚುಕ್ಕೆಗಳಾಗಿ ಕುಳಿತಿರುತ್ತವೆ. ಕಳ್ಳತನ ಮಾಡಿ ಮನೆ ಕಟ್ಟುವವೂ ಇವೆ. ಡಿಪ್ಲೊಸ್ಕಿಸ್ಟಿಸ್ ಮಸ್ಕೋರಂ ಎಂಬುದು ಮೊದಲು ಕ್ಲಾಡೋನಿಯಾ ಎಂಬ ಕಲ್ಲುಹೂವಿನ ಮೇಲೆ ಪರಾವಲಂಬಿಯಾಗಿ ಬೆಳೆಯುತ್ತದೆ. ಅದರ ಪಾಚಿಯನ್ನು ವಶಪಡಿಸಿಕೊಂಡು, ಕೊನೆಗೆ ತಾನೇ ಸ್ವತಂತ್ರ ಕಲ್ಲುಹೂವಾಗಿ ನಿಲ್ಲುತ್ತದೆ.

ಇವುಗಳ ಜಾಗತಿಕ ಪಟ್ಟಿಯೊಂದನ್ನು ಪಾಲ್ ಡೀಡರಿಕ್, ಜೇಮ್ಸ್ ಲಾರಿ, ಡಾಮಿಯನ್ ಎರ್ಟ್ಸ್ 2018ರಲ್ಲಿ ಪ್ರಕಟಿಸಿದರು. ಅದರಲ್ಲಿ 2,319 ಪ್ರಭೇದಗಳಿವೆ. ಕಲ್ಲುಹೂ ಬಿಟ್ಟು ಬೇರೆಡೆ ಬದುಕಲಾರದವು 2,000, ಡಿಪ್ಲೊಸ್ಕಿಸ್ಟಿಸ್‌ನಂತೆ ತಾವೂ ಕಲ್ಲುಹೂವಾಗಿರುವವು 257, ಅವಕಾಶ ಸಿಕ್ಕಾಗ ಮಾತ್ರ ಬಂದು ಕೂರುವವು 62. ಭಾರತದಲ್ಲಿ 2,700ಕ್ಕೂ ಹೆಚ್ಚು ಕಲ್ಲುಹೂ ಪ್ರಭೇದಗಳು ದಾಖಲಾಗಿವೆ. ಅವುಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಲಖನೌದ ಧರಣಿ ಧರ್ ಅವಸ್ಥಿ. ಅವರು 1988 ಮತ್ತು 1991ರಲ್ಲಿ ಹೊರತಂದ ಗುರುತು-ಕೈಪಿಡಿಗಳನ್ನು ದೇಶದ ಕಲ್ಲುಹೂ ಅಧ್ಯಯನಕಾರರು ಈಗಲೂ ಬಳಸುತ್ತಾರೆ. ಕಲ್ಲುಹೂವನ್ನೇ ಗುರುತಿಸಲು ಬಾರದಿದ್ದರೆ ಅದರ ಮೇಲಿನ ಅತಿಥಿಯನ್ನು ಗುರುತಿಸುವುದು ಆಗದ ಮಾತು.

ಒಂದು ಚುಕ್ಕೆಯ ವಿಳಾಸ

ವರ್ಗೀಕರಣದ ಮೊದಲ ತೊಡಕು, ಪರಾವಲಂಬಿ ಯಾವುದು, ಆಶ್ರಯದಾತ ಯಾವುದು ಎಂದು ಬಿಡಿಸುವುದು. ಎರಡೂ ಎಳೆಗಳೇ, ಎರಡಕ್ಕೂ ಬೀಜಕಗಳಿವೆ. ಒಂದರ ಅಂಗವನ್ನು ಇನ್ನೊಂದರದ್ದೆಂದು ತಿಳಿಯುವುದು ಸುಲಭ.

ಮಸಾಲೆಯ ಕಲ್ಲುಹೂ ಸೇರುವ ಪಾರ್ಮೀಲಿಯಾ ಕುಟುಂಬದ ಮೇಲೆ ಬೆಳೆಯುವ ಅಬ್ರೊಥ್ಯಾಲಸ್ ಇದಕ್ಕೆ ಒಳ್ಳೆಯ ನಿದರ್ಶನ. ಕಲ್ಲುಹೂವಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ದುಂಡನೆಯ ಕಪ್ಪು ಗುಬ್ಬಿಗಳಾಗಿ ಇದು ಕಾಣುತ್ತದೆ. ಪಾರ್ಮೀಲಿಯಾದ ಮೇಲೆ ಸಿಕ್ಕ ಇಂಥದೊಂದನ್ನು 1826ರಲ್ಲಿ ನಾರ್ವೆಯ ಸೋಮರ್‌ಫೆಲ್ಟ್ ಲೆಸಿಡಿಯಾ ಎಂಬ ಕಲ್ಲುಹೂ ಕುಲದಲ್ಲಿಟ್ಟು ಹೆಸರಿಸಿದರು. ಲೆಸಿಡಿಯಾದ ಹಣ್ಣುಗಳೂ ಹಾಗೆಯೇ ಕಪ್ಪಗೆ, ದುಂಡಗೆ ಇರುತ್ತವೆ. 1840ರ ದಶಕದಲ್ಲಿ ಇಟಲಿಯ ಡಿ ನೊಟಾರಿಸ್ ಅಬ್ರೊಥ್ಯಾಲಸ್ ಎಂಬ ಬೇರೆ ಕುಲ ಮಾಡಿದರು. ಮುಂದೆ ಅದು ತನ್ನದೇ ಪಾಚಿಯಿಲ್ಲದ ಪರಾವಲಂಬಿ ಎಂಬುದು ಖಚಿತವಾಯಿತು. 2010ರ ದಶಕದಲ್ಲಿ ಡಿಎನ್‌ಎ ಓದಿದಾಗ ಹೊರನೋಟದ ಹೋಲಿಕೆ ಪೂರ್ತಿ ಸುಳ್ಳೆಂದು ತಿಳಿಯಿತು. ಲೆಸಿಡಿಯಾಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಅಬ್ರೊಥ್ಯಾಲಸ್‌ಗೆಂದೇ ಪ್ರತ್ಯೇಕ ಗಣವೊಂದನ್ನು ರಚಿಸಬೇಕಾಯಿತು. ಚುಕ್ಕೆ ಅದೇ ಇತ್ತು, ಅದರ ವಿಳಾಸ ಮಾತ್ರ ಮೂರು ಸಲ ಬದಲಾಯಿತು.

ಕಸುಬು ಒಂದೇ, ವಂಶ ಹಲವು

ಶಿಲೀಂಧ್ರ ತಿನ್ನುವ ಶಿಲೀಂಧ್ರಗಳನ್ನೆಲ್ಲ ಒಂದೇ ಗುಂಪು ಮಾಡಿಬಿಟ್ಟರೆ ಸಲೀಸಲ್ಲವೇ ಎಂದು ಅನ್ನಿಸಬಹುದು. ಹಾಗೆ ಮಾಡುವುದು ಬಾವಲಿ, ಗುಬ್ಬಿ, ಜೇನುನೊಣಗಳನ್ನು ಹಾರುತ್ತವೆಂಬ ಕಾರಣಕ್ಕೆ ಒಂದೇ ಮನೆತನಕ್ಕೆ ಸೇರಿಸಿದಂತೆ. ಪರಾವಲಂಬನೆ ಒಂದು ಕಸುಬು. ಅದನ್ನು ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ ತಾವಾಗಿಯೇ ಕಲಿತಿವೆ. 2018ರ ಪಟ್ಟಿಯಲ್ಲಿ ನೂರಕ್ಕೆ 96ರಷ್ಟು ಪ್ರಭೇದಗಳು ಚೀಲದೊಳಗೆ ಬೀಜಕ ಮಾಡುವ ಬಳಗದವು, ಉಳಿದವು ನಾಯಿಕೊಡೆಯ ಬಳಗದವು. ಈ ಎರಡರ ಒಳಗೂ ಅವು ಹತ್ತಾರು ಗಣಗಳಲ್ಲಿ ಚೆದುರಿವೆ.

ನಾಯಿಕೊಡೆಯ ಬಳಗದ ಟ್ರೆಮೆಲ್ಲಾ ಕುಲದ ಅಣಬೆಗಳು ಒದ್ದೆ ಮರದ ಮೇಲೆ ಲೋಳೆಯಂತೆ ಅರಳುತ್ತವೆ. ಅವು ಮರ ತಿನ್ನುತ್ತವೆಂದು ಬಹುಕಾಲ ತಿಳಿಯಲಾಗಿತ್ತು. ನಿಜಕ್ಕೂ ಅವು ತಿನ್ನುವುದು ಮರದೊಳಗಿರುವ ಬೇರೆ ಶಿಲೀಂಧ್ರವನ್ನು. ಚೀನಾದಲ್ಲಿ ಬಿಳಿ ಲೋಳೆ ಅಣಬೆ ಬೆಳೆಯುವವರು ಆ ಇನ್ನೊಂದು ಶಿಲೀಂಧ್ರವನ್ನೂ ಜೊತೆಗೇ ಬಿತ್ತುತ್ತಾರೆ.

ಕಸುಬು ಬದಲಿಸುವುದೂ ಉಂಟು. ಟೋಲಿಪೊಕ್ಲೇಡಿಯಂ ಕುಲದ ಕೆಲವು ಶಿಲೀಂಧ್ರಗಳು ಮಣ್ಣಿನಡಿ ಮರದ ಬೇರುಗಳ ನಡುವಿನ ಜೀರುಂಡೆ ಮರಿಗಳನ್ನು ಹಿಡಿದರೆ, ಅವುಗಳ ಹತ್ತಿರದ ನೆಂಟರು ಅದೇ ಬೇರುಗಳ ನಡುವೆ ಬೆಳೆಯುವ ನೆಲದಣಬೆಯನ್ನು ಹಿಡಿಯುತ್ತವೆ. ಕೀಟದಿಂದ ಶಿಲೀಂಧ್ರಕ್ಕೆ ಹಾರಲು ಅವುಗಳಿಗೆ ದೂರ ಹೋಗಬೇಕಾಗಲಿಲ್ಲ.

ಕರ್ನಾಟಕದ ಕಾಫಿ ಬೆಳೆಗಾರರಿಗೆ ಗೊತ್ತಿರುವ ‘ವರ್ಟಿಸಿಲಿಯಂ ಲೆಕ್ಯಾನಿ’ ಎರಡೂ ಕಸುಬು ಮಾಡುತ್ತದೆ. ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ಬಿಳಿ ಬೂಷ್ಟಾಗಿ ಮುತ್ತಿಕೊಳ್ಳುವ ಇದು, ಎಲೆಯ ಕೆಳಗೆ ಕುಂಕುಮದ ಪುಡಿಯಂತೆ ಹರಡುವ ತುಕ್ಕು ರೋಗದ ಶಿಲೀಂಧ್ರವನ್ನೂ ತಿನ್ನುತ್ತದೆ. ಇದರ ಹೆಸರಿನ ಪಯಣ ಉದ್ದ. 1898ರಲ್ಲಿ ಸಿಮ್ಮರ್‌ಮನ್ ಇದನ್ನು ಸೆಫಲೋಸ್ಪೋರಿಯಂ ಎಂದರು. 1939ರಲ್ಲಿ ವರ್ಟಿಸಿಲಿಯಂ, 2001ರಲ್ಲಿ ಲೆಕ್ಯಾನಿಸಿಲಿಯಂ, 2017ರಲ್ಲಿ ಅಕಾಂತೊಮೈಸಿಸ್ ಆಯಿತು. ಅಂಗಡಿಯ ಬಾಟಲಿಯ ಮೇಲೆ 1939ರ ಹೆಸರೇ ಉಳಿದಿದೆ. ಹಳೆಯ ವರ್ಟಿಸಿಲಿಯಂ ಕುಲ ಒಂದು ಗೋಣಿಚೀಲದಂತಿತ್ತು. ಎಳೆಯ ಸುತ್ತ ಚಕ್ರದ ಅರೆಗಳಂತೆ ಕವಲೊಡೆದು ಬೀಜಕ ಬಿಡುವುದನ್ನೆಲ್ಲ ಅದರಲ್ಲಿ ತುಂಬಿದ್ದರು. ಹತ್ತಿ ಗಿಡ ಸೊರಗಿಸುವುದೂ ಅದರಲ್ಲೇ, ಕೀಟ ಕೊಲ್ಲುವುದೂ ಅದರಲ್ಲೇ. ಚೀಲ ಬಿಚ್ಚಿ ಬೇರೆ ಮಾಡಿದ್ದೇ ಈ ಹೆಸರು ಬದಲಾವಣೆಗಳ ಮೂಲ.

ಆಶ್ರಯ ನೋಡಿ ಹೆಸರಿಟ್ಟರೆ

ಹೊರನೋಟ ನಂಬಲಾಗದಿದ್ದರೆ, ಯಾರ ಮೇಲೆ ಕುಳಿತಿದೆ ಎಂಬುದನ್ನು ನೋಡಿ ಹೆಸರಿಡಬಹುದೇ? ಕಲ್ಲುಹೂವಿನ ಪರಾವಲಂಬಿಗಳಲ್ಲಿ ಇದು ಬಹುಮಟ್ಟಿಗೆ ನೆರವಾಗುತ್ತದೆ. ಹೆಚ್ಚಿನವು ಒಂದೇ ಕುಲದ ಕಲ್ಲುಹೂವಿಗೆ ಅಂಟಿಕೊಂಡಿರುತ್ತವೆ. ಆದರೆ ಎಲ್ಲ ಕಡೆಯೂ ಈ ಲೆಕ್ಕ ಹಿಡಿಯುವುದಿಲ್ಲ.

ಮೆಣಸಿನಗಿಡ, ದ್ರಾಕ್ಷಿ ಬಳ್ಳಿಗಳ ಎಲೆಯ ಮೇಲೆ ವಿಭೂತಿ ಉದುರಿಸಿದಂತೆ ಕಾಣುವ ಬೂದಿ ರೋಗ ಒಂದು ಗುಂಪಿನ ಶಿಲೀಂಧ್ರಗಳಿಂದ ಬರುತ್ತದೆ. ಆ ಬಿಳಿ ಬೂದಿ ಒಮ್ಮೊಮ್ಮೆ ಮಂಕಾಗಿ ಕಂದು ತಿರುಗುತ್ತದೆ. ಹಾಗೆ ಮಾಡುವುದು ಬೂದಿ ರೋಗದ ಎಳೆಗಳೊಳಗೇ ಬೆಳೆದು ಅಲ್ಲೇ ಕಂದು ಬೀಜಕ-ಕುಡಿಕೆಗಳನ್ನು ಕಟ್ಟುವ ಆಂಪೆಲೊಮೈಸಿಸ್. ಕುಡಿಕೆಗಳು ಬೂದಿ ರೋಗದ ಶಿಲೀಂಧ್ರದವೇ ಎಂದು ಮೊದಲು ಭಾವಿಸಲಾಗಿತ್ತು. ಅವು ಬೇರೆಯೇ ಪರಾವಲಂಬಿಯವು ಎಂದು 1870ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ತೋರಿಸಿಕೊಟ್ಟರು. 1852ರಲ್ಲೇ ಚೆಸಾಟಿ ಇದಕ್ಕೆ ಆಂಪೆಲೊಮೈಸಿಸ್ ಕ್ವಿಸ್‌ಕ್ವಾಲಿಸ್ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ನಿನಲ್ಲಿ ‘ಕ್ವಿಸ್’ ಎಂದರೆ ಯಾರು, ‘ಕ್ವಾಲಿಸ್’ ಎಂದರೆ ಎಂಥದ್ದು.

ಆಮೇಲೆ ಬಂದವರು ಇದು ಯಾವ ಬೂದಿ ರೋಗದ ಮೇಲೆ ಸಿಕ್ಕಿತೆಂಬುದನ್ನು ನೋಡಿ 40ಕ್ಕೂ ಹೆಚ್ಚು ಹೆಸರು ಕೊಟ್ಟರು. ಒಂದು ಗಿಡದ ಬೂದಿಯ ಮೇಲಿದ್ದದ್ದನ್ನು ಇನ್ನೊಂದಕ್ಕೆ ಸೋಕಿಸಿದರೆ ಹಲವು ಸಲ ಅಲ್ಲಿಯೂ ಬೆಳೆಯಿತು. ಡಿಎನ್‌ಎ ಗುಂಪುಗಳು ಈ ಹೆಸರುಗಳಿಗೆ ಹೊಂದಲಿಲ್ಲ. ಆದರೆ ಸೇಬಿನ ಬೂದಿ ರೋಗದ ಮೇಲಿನವು ಬೇರೆಯದೇ ಗುಂಪಾಗಿ ಕಂಡವು. 2011ರಲ್ಲಿ ಹಂಗೇರಿಯ ಲೆವೆಂಟೆ ಕಿಶ್ ಮತ್ತು ಸಂಗಡಿಗರು ಇದರ ಕಾರಣ ಹೇಳಿದರು. ಸೇಬಿನ ಬೂದಿ ರೋಗ ಮೊಗ್ಗಿನಲ್ಲಿ ಚಳಿಗಾಲ ಕಳೆದು ವಸಂತದಲ್ಲೇ ಶುರುವಾಗುತ್ತದೆ, ಮಿಕ್ಕವು ತಡವಾಗಿ ಬರುತ್ತವೆ. ಎರಡು ಕಡೆಯ ಪರಾವಲಂಬಿಗಳು ಒಂದೇ ಊರಲ್ಲಿದ್ದರೂ ಋತು ಬೇರೆಯಾದ್ದರಿಂದ ಕೂಡುವುದೇ ಇಲ್ಲ. ಅವುಗಳನ್ನು ಬೇರ್ಪಡಿಸಿದ್ದು ಆಶ್ರಯದ ರುಚಿಯಲ್ಲ, ಪಂಚಾಂಗ.

ಒಂದು ಜೀವ, ಎರಡು ಹೆಸರು

ಶಿಲೀಂಧ್ರಗಳ ಇನ್ನೊಂದು ಗೋಜಲು ಅವುಗಳ ಎರಡು ವೇಷ. ಒಂದೇ ಶಿಲೀಂಧ್ರ ಒಮ್ಮೆ ಕೂಡುವಿಕೆಯಿಂದ ಹುಟ್ಟಿದ ಬೀಜಕ ಬಿಡುತ್ತದೆ, ಒಮ್ಮೆ ಕೂಡದೆಯೇ ಬೀಜಕ ಉದುರಿಸುತ್ತದೆ. ಎರಡು ರೂಪಗಳೂ ಗುರುತು ಸಿಗದಷ್ಟು ಬೇರೆ. ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟಿಗೆ 1794ರಲ್ಲಿ ಪರ್ಸೂನ್ ಹೆಸರಿಟ್ಟರು. ಕೊಳೆತ ಮರದ ಮೇಲಿನ ಕಂದು ಹೊಪ್ಪಳೆಯಂಥ ಹೈಪೊಕ್ರಿಯಾ ಅದರದೇ ಇನ್ನೊಂದು ರೂಪ ಎಂದು ಫ್ರಾನ್ಸಿನ ಟುಲಾನ್ ಸೋದರರು 1865ರಲ್ಲಿ ಹೇಳಿದರು. ನಿಯಮ ಎರಡು ಹೆಸರಿಗೂ ಅವಕಾಶ ಕೊಟ್ಟಿದ್ದರಿಂದ ಎರಡೂ ನಡೆದುಬಂದವು.

ಜೀನ್ಸ್‌ಗೆ ಹೆಸರಾದ ಬಳ್ಳಾರಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಜೀನ್ಸ್ ಬಟ್ಟೆ ಹಳತಾಗಿ, ಮೆತ್ತಗಾಗಿ ಕಾಣಲು ಜಗತ್ತಿನಾದ್ಯಂತ ಬಳಸುವ ಸೆಲ್ಯುಲೇಸ್ ಕಿಣ್ವದ ಮುಖ್ಯ ಮೂಲಗಳಲ್ಲಿ ಟ್ರೈಕೋಡರ್ಮಾ ರೀಸಿ ಒಂದು. ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿ ಬಟ್ಟೆಯ ಸರಕನ್ನು ತಿಂದುಹಾಕಿದ ಶಿಲೀಂಧ್ರವಿದು. ಹೈಪೊಕ್ರಿಯಾ ಜೆಕೊರಿನಾ ಎಂದು ಬೇರೆಯಾಗಿ ಹೆಸರಿಸಿದ್ದು ಇದೇ ಜೀವಿ ಎಂದು 1996ರಲ್ಲಿ ಗೊತ್ತಾಯಿತು.

2011ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದು ತೀರ್ಮಾನಿಸಿತು. ಟ್ರೈಕೋಡರ್ಮಾ ಉಳಿಯಿತು, ಹೈಪೊಕ್ರಿಯಾ ಸರಿಯಿತು. ವಯಸ್ಸಿನಲ್ಲೂ ಬಳಕೆಯಲ್ಲೂ ಮುಂದಿದ್ದ ಹೆಸರೇ ಗೆದ್ದದ್ದರಿಂದ ರೈತರ ಬಾಯಲ್ಲಿದ್ದ ಮಾತು ಬದಲಾಗಲಿಲ್ಲ.

ಹೆಸರು ಹುಟ್ಟುವ ಬಗೆ

ಹೊಸ ಪ್ರಭೇದಕ್ಕೆ ಹೆಸರಿಡಲು ಕಂಡದ್ದಷ್ಟೇ ಸಾಲದು. ಒಂದು ಮಾದರಿಯನ್ನು ಒಣಗಿಸಿ, ಎಲ್ಲಿ, ಯಾವಾಗ, ಯಾವುದರ ಮೇಲೆ ಸಿಕ್ಕಿತೆಂದು ಬರೆದು, ಸಾರ್ವಜನಿಕ ಸಂಗ್ರಹಾಲಯದಲ್ಲಿ ಇಡಬೇಕು. ಇಂಗ್ಲಿಷ್ ಅಥವಾ ಲ್ಯಾಟಿನ್ನಿನಲ್ಲಿ ವಿವರಣೆ ಪ್ರಕಟಿಸಬೇಕು. 2013ರಿಂದ ಅಂತರರಾಷ್ಟ್ರೀಯ ನೋಂದಣಿ ಸಂಖ್ಯೆಯೂ ಕಡ್ಡಾಯ. ಮುಂದೆ ವಿವಾದ ಬಂದರೆ ಆ ಒಣ ಮಾದರಿಯೇ ಸಾಕ್ಷಿ. 1905ರಲ್ಲಿ ಬಿಹಾರದ ಪೂಸಾದಲ್ಲಿ ಎಡ್ವಿನ್ ಜಾನ್ ಬಟ್ಲರ್ ಆರಂಭಿಸಿದ ಶಿಲೀಂಧ್ರ ಸಂಗ್ರಹ ಈಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ.

ಡಿಎನ್‌ಎ ಓದಲು ಶಿಲೀಂಧ್ರಗಳಿಗೆಲ್ಲ ಐಟಿಎಸ್ ಎಂಬ ತುಣುಕನ್ನು ಗುರುತುಚೀಟಿಯಾಗಿ 2012ರಲ್ಲಿ ಒಪ್ಪಿಕೊಳ್ಳಲಾಯಿತು. ಆದರೆ ಟ್ರೈಕೋಡರ್ಮಾದ ಒಡಹುಟ್ಟುಗಳನ್ನು ಬೇರ್ಪಡಿಸಲು ಆ ಒಂದು ಚೀಟಿ ಸಾಲದು, ಇನ್ನೆರಡು ವಂಶವಾಹಿಗಳನ್ನೂ ಓದಬೇಕು. ಕಲ್ಲುಹೂವಿನ ಚುಕ್ಕೆಯ ಕಷ್ಟವೇ ಬೇರೆ. ಅರ್ಧ ಮಿಲಿಮೀಟರ್ ಚುಕ್ಕೆಯನ್ನು ಅರೆದರೆ ಪರಾವಲಂಬಿಯ ಡಿಎನ್‌ಎ ಜೊತೆ ಕಲ್ಲುಹೂವಿನದ್ದು, ಪಾಚಿಯದ್ದು, ಅಲ್ಲೇ ಅಡಗಿದ ಯೀಸ್ಟಿನದ್ದು ಎಲ್ಲವೂ ಕಲಸಿಕೊಳ್ಳುತ್ತವೆ. ಹೆಚ್ಚಿನವು ಗಾಜಿನ ತಟ್ಟೆಯಲ್ಲಿ ಬೇರೆಯಾಗಿ ಬೆಳೆಯುವುದೂ ಇಲ್ಲ. ಸೂಕ್ಷ್ಮದರ್ಶಕದಡಿ ಸೂಜಿಯಿಂದ ಚುಕ್ಕೆಯ ಒಡಲನ್ನಷ್ಟೇ ಎತ್ತಿಕೊಳ್ಳುವ ಕೈಚಳಕವೇ ಇಲ್ಲಿ ದಾರಿ.

ಪೊಟ್ಟಣದ ಮೇಲಿನ ಹೆಸರು

ಇದೆಲ್ಲ ಪ್ರಯೋಗಾಲಯದೊಳಗಿನ ಜಗಳ ಎಂದು ಬಿಡುವಂತಿಲ್ಲ. 1932ರಲ್ಲಿ ರಿಚರ್ಡ್ ವೈಂಡ್ಲಿಂಗ್ ಟ್ರೈಕೋಡರ್ಮಾ ರೈಜೊಕ್ಟೋನಿಯಾ ಸೊಲಾನಿಯನ್ನು ಸುತ್ತಿ ಕೊಲ್ಲುವುದನ್ನು ವರದಿ ಮಾಡಿದರು. ತುಂಗಭದ್ರಾ ಕಾಲುವೆಯಡಿಯ ಗದ್ದೆಗಳಲ್ಲಿ ಭತ್ತಕ್ಕೆ ಎಲೆಕವಚದ ಅಂಗಮಾರಿ ತರುವುದೂ ರೈಜೊಕ್ಟೋನಿಯಾ ಸೊಲಾನಿಯೇ. ವೈಂಡ್ಲಿಂಗ್ ತಮ್ಮ ಶಿಲೀಂಧ್ರವನ್ನು ಟ್ರೈಕೋಡರ್ಮಾ ಲಿಗ್ನೋರಂ ಎಂದಿದ್ದರು. ವಿಷ ಸುರಿಸುವ ಆ ಬೇಟೆಗಾರ ನಿಜಕ್ಕೂ ಈಗ ಟ್ರೈಕೋಡರ್ಮಾ ವೈರೆನ್ಸ್ ಎನ್ನುವ ಬೇರೆ ಪ್ರಭೇದ ಎಂದು 1964ರಲ್ಲಿ ವೆಬ್‌ಸ್ಟರ್ ಮತ್ತು ಲೋಮಸ್ ಅವರ ಪರೀಕ್ಷೆಯಿಂದ ಹೊರಬಿತ್ತು. ಮೂರು ದಶಕ ಒಬ್ಬನ ಸಾಹಸ ಇನ್ನೊಬ್ಬನ ಹೆಸರಲ್ಲಿತ್ತು.

1969ರಲ್ಲಿ ರಿಫಾಯ್ ಟ್ರೈಕೋಡರ್ಮಾವನ್ನು ಒಂಬತ್ತು ಗುಂಪುಗಳಲ್ಲಿ ಅಡಕ ಮಾಡಿದ್ದರು. 2020ರ ಹೊತ್ತಿಗೆ ಪ್ರಭೇದಗಳು 375 ಮುಟ್ಟಿದವು. ಭಾರತದ ಅಂಗಡಿಗಳಲ್ಲಿ ಸಿಗುವ ಪೊಟ್ಟಣಗಳಲ್ಲಿ ಬಹಳಷ್ಟು ಈಗಲೂ ‘ಟ್ರೈಕೋಡರ್ಮಾ ವಿರಿಡೆ 1% ಡಬ್ಲ್ಯು.ಪಿ.’ ಎಂಬ ಹೆಸರಿನವು. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕೆಂಬುದು ನಿಯಮ. ಆದರೆ ವಿರಿಡೆ ಎಂದು ಸಾಕಿಕೊಂಡು ಬಂದಿದ್ದ ಹಲವು ತಳಿಗಳು 1999ರಲ್ಲಿ ಹೆಸರು ಪಡೆದ ಆಸ್ಪೆರೆಲ್ಲಂ ಅಥವಾ ಅದರ ಹತ್ತಿರದವು ಎಂದು ಡಿಎನ್‌ಎ ಹೇಳಿದೆ. ಹೆಸರು ತಪ್ಪಾದ ಮಾತ್ರಕ್ಕೆ ಪುಡಿ ಕೆಲಸ ಬಿಡುವುದಿಲ್ಲ. ಒಂದು ಊರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದೆಡೆ ಸೋತರೆ, ಎರಡೂ ಒಂದೇ ಜೀವಿಯೇ ಎಂದು ಹೋಲಿಸಿ ನೋಡಲು ಮಾತ್ರ ಸರಿಯಾದ ಹೆಸರು ಬೇಕೇ ಬೇಕು.

ಹೆಸರು ಜೀವನೋಪಾಯವನ್ನೇ ಅಲುಗಾಡಿಸಿದ್ದೂ ಇದೆ. 1985ರ ಸುಮಾರಿಗೆ ಉತ್ತರ ಐರ್ಲೆಂಡಿನ ಅಣಬೆ ಸಾಕಣೆ ಕೊಠಡಿಗಳಿಗೆ ಹಸಿರು ಬೂಷ್ಟು ನುಗ್ಗಿ ಬೆಳೆ ಹಾಳುಮಾಡಿತು. ನೋಡಲು ಅದು ಟ್ರೈಕೋಡರ್ಮಾ ಹಾರ್ಜಿಯಾನಂ, ಅಂದರೆ ಹೊಲದಲ್ಲಿ ರೈತರ ಗೆಳೆಯನೆಂದು ಮಾರಾಟವಾಗುತ್ತಿದ್ದ ಜೀವಿ. ಗೆಳೆಯನೇ ಕಳ್ಳನೇ ಎಂಬ ಶಂಕೆಗೆ ಉತ್ತರ ಸಿಕ್ಕಿದ್ದು 2002ರಲ್ಲಿ. ಅಣಬೆ ಹಾಳುಮಾಡುವುದು ಬೇರೆಯೇ ಪ್ರಭೇದವೆಂದು ಖಚಿತವಾಗಿ ಅದಕ್ಕೆ ಅಗ್ರೆಸ್ಸಿವಂ ಎಂಬ ಹೆಸರು ಬಂತು.

ಕರ್ನಾಟಕದ ತೋಟಗಳಲ್ಲಿ ಇದಕ್ಕೆ ತಿರುಗುಮುರುಗಾದ ಚಿತ್ರವಿದೆ. ಅಡಿಕೆ ಮರದ ಬುಡದಲ್ಲಿ ಅಣಬೆ ಎದ್ದು ಮರ ಸೊರಗುವ ‘ಅಣಬೆ ರೋಗ’ವನ್ನು ಮೈಸೂರು ಸೀಮೆಯಿಂದ ಬಟ್ಲರ್ 1906ರಲ್ಲಿ ಇದೇ ಕನ್ನಡ ಹೆಸರಿನೊಂದಿಗೆ ದಾಖಲಿಸಿದ್ದರು. ಅಲ್ಲಿ ಬೇಡವಾದದ್ದು ಅಣಬೆ, ಬೇಕಾದದ್ದು ಅದನ್ನು ತಿನ್ನುವ ಬೂಷ್ಟು. ಟ್ರೈಕೋಡರ್ಮಾ ಬೆರೆಸಿದ ಬೇವಿನ ಹಿಂಡಿಯನ್ನು ಬುಡಕ್ಕೆ ಹಾಕುವ ರೂಢಿ ಬೆಳೆದದ್ದು ಇದಕ್ಕೇ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಪುಡಿಯಲ್ಲಿ ಟ್ರೈಕೋಡರ್ಮಾ ಬೆಳೆಸಿ ಬಿಲ್ಲೆಗಳನ್ನೂ ರೂಪಿಸಿದೆ.

ಜಗತ್ತಿನಲ್ಲಿ 22ರಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂದು 2017ರ ಅಂದಾಜು ಹೇಳುತ್ತದೆ. ಹೆಸರು ಪಡೆದಿರುವವು ಸುಮಾರು ಒಂದೂವರೆ ಲಕ್ಷ. ಇತರ ಶಿಲೀಂಧ್ರಗಳ ಮೇಲೂ ಕಲ್ಲುಹೂಗಳ ಮೇಲೂ ಬದುಕುವವು ಕಣ್ಣಿಗೆ ಬೀಳದ ಗಾತ್ರದವು, ಬೆಳೆಸಲು ಒಗ್ಗದವು. ಆದ್ದರಿಂದ ಹೆಸರಿಲ್ಲದ ರಾಶಿಯಲ್ಲಿ ಅವುಗಳ ಪಾಲು ಸಣ್ಣದಿರಲಾರದು. ಅವನ್ನು ಗುರುತಿಸುವ ಕ್ರಮ ಮಾತ್ರ ಈಗ ನೆಲೆಗೊಂಡಿದೆ. ಮೊದಲು ಆಶ್ರಯ ಯಾವುದೆಂದು ತಿಳಿಯಬೇಕು, ಆಮೇಲೆ ಬೀಜಕ ಮತ್ತು ಕುಡಿಕೆಗಳ ರೂಪ ನೋಡಬೇಕು, ಬಳಿಕ ಡಿಎನ್‌ಎ ಓದಬೇಕು, ಕೊನೆಗೆ ಮಾದರಿಯನ್ನು ಕಾಪಿಡಬೇಕು. ಈ ನಾಲ್ಕರಲ್ಲಿ ಯಾವುದೊಂದನ್ನೇ ನಂಬಿದಾಗಲೂ ಹೆಸರು ತಪ್ಪಿದೆ.